ತಂಗಿ ಹಿರೇಕಿಯಾದದ್ದು

ನನ್ನ ತಂಗಿಯ ಕಾಲಚೈನು ಕರಗಿಸಿದ ದಿನ ನಾನು ಅವ್ವನ ಪಕ್ಕದಲ್ಲೇ ಕೂತಿದ್ದೆ. ಮುದ್ದೇಬಿಹಾಳದ ಬಜಾರದೊಳಗೆ ಎರಡು ಮೆಟ್ಟಿಲು ಹತ್ತಿದರೆ ಅಕ್ಕಸಾಲಿಗನ ಅಂಗಡಿ. ಅವ್ವ ಸೆರಗಿನ ಗಂಟು ಬಿಚ್ಚಿ ಎರಡೂ ಚೈನುಗಳನ್ನು ತೆಗೆದು ಅವನ ಮುಂದಿಟ್ಟಳು. ಒಂದಕ್ಕೆ ಮೂರು ಗೆಜ್ಜೆ ಉದುರಿದ್ದವು. ಅವನು ಅವನ್ನು ಕೈಯಲ್ಲಿ ತೂಗಿ ನೋಡಿ, ಒಂದೇ ಸಾಕಾಗುತ್ತದೆ, ಇನ್ನೊಂದನ್ನು ಒಯ್ಯಿರಿ ಎಂದ. ಒಂಟಿ ಚೈನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡಲಿ, ಎರಡನ್ನೂ ಹಾಕು ಎಂದಳು ಅವ್ವ. ಅವಳ ಕಣ್ಣು ಒದ್ದೆಯೂ ಆಗಿರಲಿಲ್ಲ. ನಾನು ಅವ್ವನ ಮುಖವನ್ನೇ ನೋಡುತ್ತ ಕೂತೆ; ಇಷ್ಟು ಸಲೀಸಾಗಿ ಹೇಗೆ ಕೊಟ್ಟಳು ಎಂದು ನನಗೆ ತಿಳಿಯಲಿಲ್ಲ.

ತಂಗಿ ತೀರಿಕೊಂಡು ಆಗ ಒಂದೂವರೆ ವರ್ಷ. ಸಿಂದಗಿಗೆ ಕೊಟ್ಟಿದ್ದೆವು. ಏಳು ವರ್ಷ ಸಂಸಾರ ಮಾಡಿದಳು, ಮಕ್ಕಳಾಗಲಿಲ್ಲ. ಕಾಮಾಲೆ ಆಯಿತು, ಹತ್ತು ದಿನದೊಳಗೆ ಹೋಗಿಬಿಟ್ಟಳು. ಈಗ ಅವಳ ಗಂಡನಿಗೆ ಬಸವನ ಬಾಗೇವಾಡಿ ಕಡೆಯ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದರು. ಆ ಮನೆಯ ಅತ್ತೆ ಅವ್ವನಿಗೆ ಫೋನು ಮಾಡಿ, ಹಿರೇಕೀನ ಮಾಡಿಸಬೇಕು, ಬೆಳ್ಳಿ ತವರಿನದೇ ಆಗಬೇಕು ಎಂದು ಹೇಳಿದ್ದಳು.

ಹಿರೇಕಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ದೇವರಿಡುವ ಕಟ್ಟೆಗೆ ಜಗಲಿ ಅನ್ನುತ್ತೇವೆ. ಜಗಲಿಯ ಮೇಲೆ ದೇವರು ಮಾತ್ರ ಇರುವುದಿಲ್ಲ. ಹೆಬ್ಬೆರಳಗಲದ ಬೆಳ್ಳಿಯ ತಗಡಿನಲ್ಲಿ ಮನೆದೇವರನ್ನು ಮೂಡಿಸಿ ಇಟ್ಟಿರುತ್ತಾರೆ. ಅದರ ಪಕ್ಕದಲ್ಲಿ ಅಂಥದೇ ತಗಡುಗಳಲ್ಲಿ ಮನೆಯ ಹಿರಿಯರೂ ಕೂತಿರುತ್ತಾರೆ. ಸತ್ತವರು ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಜಗಲಿ ಹತ್ತುತ್ತಾರೆ. ಅಮಾವಾಸ್ಯೆಗೆ ಅವರಿಗೂ ನೀರು, ಕುಂಕುಮ, ಎಡೆ. ಗಂಡ ಇರುವಾಗಲೇ ಕಣ್ಣು ಮುಚ್ಚಿದವಳು ಮುತ್ತೈದೆಯಾಗಿ ಹೋದಳೆಂದು ಅವಳಿಗೆ ಒಂದು ಕೈ ಹೆಚ್ಚಿನ ಮರ್ಯಾದೆ. ಗಂಡ ಮತ್ತೆ ಮದುವೆಯಾದರೆ ಹೋದವಳು ಹಿರೇಕಿ, ಅಂದರೆ ಹಿರಿಯವಳು; ಬಂದವಳು ಅವಳ ತಗಡನ್ನು ತಾಳಿಯ ಜೊತೆ ಕೊರಳಲ್ಲಿ ಕಟ್ಟಿಕೊಳ್ಳಬೇಕು. ಹೊಸ ಸೀರೆ ಮೊದಲು ಅವಳಿಗೆ ತೋರಿಸಿ ಉಡಬೇಕು, ಹಬ್ಬದ ಮೊದಲ ತುತ್ತು ಅವಳಿಗೆ ಮುಟ್ಟಿಸಿ ಉಣ್ಣಬೇಕು. ಉಡುವ, ಉಣ್ಣುವ ಆಸೆ ಇಟ್ಟುಕೊಂಡು ಹೋದವಳಲ್ಲವೇ, ಅವಳ ಕಣ್ಣು ಈಕೆಯ ಮೇಲೆ ಬೀಳಬಾರದು. ಇನ್ನೊಂದು ಮಾತೂ ಇದೆ: ಹೋದವಳ ತವರು ಬಂದವಳಿಗೂ ತವರು. ಮಗಳು ಹೋದ ಮನೆಗೆ ಮಗಳಾಗಿ ಅವಳು ಬರುತ್ತಾಳೆ.

ಇದೆಲ್ಲ ನನಗೆ ಮೊದಲಿಂದ ಗೊತ್ತಿದ್ದದ್ದೇ, ಸಾರಿಗೆ ಉಪ್ಪು ಹಾಕಬೇಕೆಂದು ಗೊತ್ತಿದ್ದ ಹಾಗೆ. ನನ್ನ ಗಂಡನ ಊರು ಇಂಡಿಯಲ್ಲಿ ನಮ್ಮ ಓಣಿಯೊಳಗೇ ಇಂಥವರಿಬ್ಬರು ಇದ್ದಾರೆ. ನಲ್ಲಿಯ ಹತ್ತಿರ ಅವರ ಕೊರಳಲ್ಲಿ ಆ ತಗಡು ತೂಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದರೊಳಗೆ ಯಾರೋ ಒಬ್ಬಳು ಇದ್ದಾಳೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಮನೆಯಲ್ಲಿ ನಾವು ತಂಗಿಯನ್ನು ಕೊನೆಯವರೆಗೂ ‘ಸಣ್ಣಾಕಿ’ ಎಂದೇ ಕರೆದದ್ದು. ಫೋನಿನಲ್ಲಿ ಆ ಹೆಂಗಸು ಅವಳನ್ನು ‘ಹಿರೇಕಿ’ ಎಂದಾಗ, ಯಾರ ಸುದ್ದಿ ಹೇಳುತ್ತಿದ್ದಾಳೆಂದು ನನಗೆ ಒಂದು ಗಳಿಗೆ ಹೊಳೆಯಲೇ ಇಲ್ಲ.

ಅಕ್ಕಸಾಲಿಗ ಬೆಳ್ಳಿ ಬಡಿದು ತಗಡು ಮಾಡಿ ಅಚ್ಚಿನ ಮೇಲಿಟ್ಟು ಒತ್ತಿದ. ಎರಡು ಚುಕ್ಕಿ ಕಣ್ಣು, ಒಂದು ಗೆರೆ ಬಾಯಿ, ಕೆಳಗೆ ನಾಲ್ಕು ಗೆರೆ ಸೀರೆಯ ನಿರಿಗೆ. ಯಾರು ಸತ್ತರೂ ಅದೇ ಅಚ್ಚು, ಅದೇ ಮುಖ. ಅವ್ವ ಅದನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಇದು ನನ್ನ ಮಗಳಲ್ಲ ಎಂದಳು. ಅವನು ಹೆದರಿದ. ಮೂಗಿನ ಬಲಕ್ಕೆ ಒಂದು ಬೊಟ್ಟು ಹಾಕಿಕೊಡು ಎಂದಳು ಅವ್ವ.

ನಮ್ಮಲ್ಲಿ ಮೂಗು ಚುಚ್ಚುವುದು ಎಡಕ್ಕೆ. ಸಣ್ಣಾಕಿಗೆ ಚುಚ್ಚುವಾಗ ಅವಳು ಚೀರಿ ಮುಖ ತಿರುವಿದ್ದಕ್ಕೆ ತಂತಿ ಬಲಗಡೆ ಹೊಕ್ಕಿತ್ತು. ಮತ್ತೆ ಚುಚ್ಚಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಆಮೇಲೆ ಅದೇ ಅವಳ ಗುರುತಾಯಿತು.

ಅಕ್ಕಸಾಲಿಗ ಮೊಳೆ ಹಿಡಿದು ಕೇಳಿದ, “ಬಲಕ್ಕಂದ್ರ ನನ್ನ ಬಲಕ್ಕೋ, ಅಕಿ ಬಲಕ್ಕೋ?”

“ಅಕಿ ಬಲಕ್ಕ. ನಿನ್ನ ಮೂಗು ಯಾರು ಕೇಳ್ಯಾರ,” ಎಂದಳು ಅವ್ವ.

ಅವನು ಟಕ್ಕೆಂದು ಒಂದೇ ಏಟು ಹಾಕಿದ. ಅವ್ವ ತಗಡನ್ನು ಅರಿಷಿಣದ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅವಳು ಸಿಂದಗಿಗೆ ಬರುವವಳಲ್ಲ, ನಾನೇ ಮುಟ್ಟಿಸಬೇಕು.

ಮದುವೆಯ ಹಿಂದಿನ ದಿನ ಒಯ್ದು ಕೊಟ್ಟೆ. ಆ ಅತ್ತೆಗೆ ಕಣ್ಣಿನಲ್ಲಿ ಪೊರೆ ಬಂದಿತ್ತು, ಮುಖದ ಹತ್ತಿರ ತಂದುಕೊಂಡು ನೋಡಿ, ಚಲೋ ಆಗೇತಿ ಎಂದು ಜಗಲಿಯ ಮೇಲೆ ಉಳಿದ ಹಿರಿಯರ ನಡುವೆ ಅಕ್ಕಿಯ ಮೇಲಿಟ್ಟಳು. ಒಂದು ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದೆ. ತಂಗಿಯ ಗಂಡನ ತಲೆಗೆ ಬಾಸಿಂಗ ಕಟ್ಟುವುದನ್ನು ಎರಡನೆಯ ಸಲ ನೋಡುವ ಧೈರ್ಯ ನನಗಿರಲಿಲ್ಲ.

ಅದಾದ ಮೊದಲ ಪಂಚಮಿಗೆ ನಾನು ತವರಿಗೆ ಹೋದಾಗ, ಮನೆಯಲ್ಲಿ ತಮ್ಮ ಇರಲಿಲ್ಲ. ಎಲ್ಲಿ ಎಂದರೆ, ಸಿಂದಗಿಗೆ ಹೋಗಿದ್ದಾನೆ, ಅಕ್ಕನ ಕರೆಯಾಕ ಎಂದಳು ಅವ್ವ. ನಾನು ಕೈಯಲ್ಲಿದ್ದ ಚೀಲ ಹಾಗೇ ಹಿಡಿದು ನಿಂತೆ. ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಯಲು ಹೋಗುವುದು ಎಲ್ಲ ಕಡೆ ಇದ್ದದ್ದೇ. ಆದರೆ ಅವ್ವ ಇದನ್ನು ಮಾಡುತ್ತಾಳೆ, ಅದೂ ಸಣ್ಣಾಕಿ ಹೋಗಿ ಎರಡು ವರ್ಷ ತುಂಬುವ ಮೊದಲೇ ಮಾಡುತ್ತಾಳೆ ಎಂದು ನನಗೆ ಕನಸಿನಲ್ಲೂ ಇರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಉಂಡಿ ಕಟ್ಟಿದೆ.

ಸಂಜೆಗೆ ಅವಳು ಬಂದಳು. ಸಣ್ಣ ಮೈಕಟ್ಟು, ನಡೆದರೆ ಸಪ್ಪಳವಿಲ್ಲ. ಅವ್ವನ ಕಾಲಿಗೆ, ಆಮೇಲೆ ನನ್ನ ಕಾಲಿಗೆ ಬಿದ್ದಳು. ಮರುದಿನ ಊಟಕ್ಕೆ ಕೂತಾಗ ಸೆರಗಿನೊಳಗಿಂದ ಆ ತಗಡನ್ನು ಹೊರಗೆ ತೆಗೆದು, ಎಳ್ಳುಂಡಿಯನ್ನು ಅದಕ್ಕೆ ಮುಟ್ಟಿಸಿ, “ಊಟಾ ಮಾಡ್ರಿ ಅಕ್ಕಾ,” ಎಂದು ಮೆಲ್ಲಗೆ ಅಂದಳು. ಆ ಕಡೆ ನೋಡಲಾಗದೆ ಗೋಡೆ ನೋಡಿದೆ. ತುಪ್ಪ ಹಾಕುತ್ತಿದ್ದ ಅವ್ವ ಏನೂ ವಿಶೇಷವಿಲ್ಲದವಳ ಹಾಗೆ ಬಗ್ಗಿ ಹೇಳಿದಳು:

“ಅಕಿಗಿ ಎಳ್ಳಿಂದು ಸೇರ್ತಿದ್ದಿಲ್ಲ. ಶೇಂಗಾದ್ದು ತೋರ್ಸು.”

ಅವಳು ಎಳ್ಳುಂಡಿ ಕೆಳಗಿಟ್ಟು ಶೇಂಗಾ ಉಂಡಿ ಮುಟ್ಟಿಸಿದಳು. ನಾನು ಎದ್ದು ಹಿತ್ತಲಕ್ಕೆ ಹೋಗಿ ಬಾಯಿ ತೊಳೆದುಕೊಂಡೆ.

ಆಮೇಲೆ ಮೂರು ವರ್ಷ ಅವಳ ಸುದ್ದಿ ಅವ್ವನ ಬಾಯಿಂದ ಬರುತ್ತಿತ್ತು. ಬಸುರಾಗಿದ್ದಾಳೆ ಎಂದು ಬಂತು. ಮೂರು ತಿಂಗಳಿಗೆ ನಿಲ್ಲಲಿಲ್ಲ ಎಂದು ಬಂತು. ಮತ್ತೊಂದು ಸಲವೂ ಹಾಗೇ ಆಯಿತು. ಥೈರಾಯ್ಡ್ ಕಡಿಮೆ ಇದೆ, ರಕ್ತವೂ ಸಾಲದು ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ಅವ್ವ ವಾರಕ್ಕೊಮ್ಮೆ ಫೋನು ಮಾಡಿ ಗುಳಿಗೆ ನುಂಗಿದ್ಯಾ ಎಂದು ಕೇಳುತ್ತಿದ್ದಳು. ಮೂರನೆಯ ಸಲ ಬಸುರಾಗಿ ನಾಲ್ಕನೆಯ ತಿಂಗಳು ನಡೆದಿದ್ದಾಗ ಸಿಂದಗಿಯ ಅತ್ತೆಯ ಫೋನು ಬಂತು. ಅವ್ವ ಅದನ್ನು ಕೇಳಿಸಿಕೊಂಡು ಇಟ್ಟು, ಇಂಡಿಗೆ ನನಗೆ ಮಾಡಿದಳು. ನಾನು ನಿಂಬೆಹಣ್ಣು ಆರಿಸುತ್ತ ಕೂತಿದ್ದೆ. ಅವ್ವ ಹೇಳಿದ್ದು ಎರಡು ಸಲ ಹೇಳಿಸಿಕೊಂಡ ಮೇಲೆ ನನಗೆ ತಿಳಿದದ್ದು.

ಭೀಮಾ ದಂಡೆಯ ಒಂದು ಊರಿನಲ್ಲಿ ಹೇಳಿಕೆ ಹೇಳುವ ಮುದುಕನೊಬ್ಬನಿದ್ದಾನೆ, ಅವನ ಹತ್ತಿರ ಕೇಳಿಸಿದ್ದಾರೆ. ಬಂಜೆಯಾಗಿ ಹೋದವಳು ಈಕೆಯ ಹೊಟ್ಟೆಯನ್ನು ನಿಲ್ಲಗೊಡುವುದಿಲ್ಲ ಎಂದಿದ್ದಾನೆ. ಹಿರೇಕಿ ಕಾಡುತ್ತಿದ್ದಾಳೆ. ಹಿರಿಯರ ಅಮಾವಾಸ್ಯೆಯ ದಿನ ಅವಳನ್ನು ಕೊರಳಿಂದ ಬಿಚ್ಚಿ, ಕರೀ ದಾರ ಸುತ್ತಿ ಭೀಮಾ ನದಿಗೆ ಬಿಡಬೇಕು. ಜಗಲಿಯ ಮೇಲೆ ಮತ್ತೆ ಅವಳಿಗೆ ಜಾಗ ಇಲ್ಲ. ಬೆಳ್ಳಿ ತವರಿನದಾದ್ದರಿಂದ ತವರಿನವರೊಬ್ಬರು ಬಂದು ‘ಬಿಟ್ಟೆವು’ ಎನ್ನಬೇಕು.

ಅವ್ವನ ದನಿ ಗಟ್ಟಿಯಾಗಿತ್ತು.

“ಇರಿವಿ ಗೂಡು ಕಂಡ್ರ ಸಕ್ಕರಿ ಹಾಕ್ತಿದ್ಲು ನನ್ನ ಮಗಳು. ಜೀವಂತ ಇದ್ದಾಗ ಇರಿವಿ ತುಳೀಲಿಲ್ಲ, ಸತ್ತ ಮ್ಯಾಲ ಕೂಸು ತಿಂತಾಳೇನು? ನೀ ಹೋಗು. ಹೋಗಿ ಇಲ್ಲಂತ ಹೇಳಿ ಬಾ.”

ಸತ್ತವಳಿಗೆ ಉಳಿದದ್ದು ಆ ಜಗಲಿಯ ಮೇಲಿನ ಹೆಬ್ಬೆರಳಗಲ ಜಾಗ ಒಂದೇ. ಅದನ್ನೂ ಕಿತ್ತು ಕಾಟದವಳೆಂದು ನೀರಿಗೆ ಹಾಕಿದರೆ ಅವಳು ಆ ಮನೆಯಲ್ಲಿ ಏಳು ವರ್ಷ ಬಾಳಿದ್ದೇ ಸುಳ್ಳಾಗುತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಗಂಡನಿಗೆ ರೊಟ್ಟಿ ಮಾಡಿಟ್ಟು ಮೊದಲ ಬಸ್ಸಿಗೆ ಸಿಂದಗಿಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ನಾನು ಹೋದಾಗ ಜಗಲಿಯನ್ನು ಇಳಿಸಿದ್ದರು. ಹಿರಿಯರ ಅಮಾವಾಸ್ಯೆಗೆ ಎಲ್ಲ ತಗಡುಗಳನ್ನೂ ತೊಳೆಯಬೇಕು. ಹಿತ್ತಲ ಬಾಗಿಲ ಹತ್ತಿರ ಒಂದು ಪರಾತದಲ್ಲಿ ಹುಣಸೆಹಣ್ಣಿನ ನೀರು, ಪಕ್ಕಕ್ಕೆ ಜರಡಿ ಹಿಡಿದ ಬೂದಿ. ಅತ್ತೆ ಮಣೆಯ ಮೇಲೆ ಕೂತಿದ್ದಳು, ಬಸುರಿ ಸೊಸೆ ಗೋಡೆಗೆ ಒರಗಿದ್ದಳು. ತಂಗಿಯ ಗಂಡ ಬಾಗಿಲಲ್ಲಿ ಒಂದು ಚೊಂಬು ನೀರು ಕೊಟ್ಟು, ಬಂದ್ರ್ಯಾ ಅಕ್ಕಾರ ಎಂದವನು ಅಲ್ಲೇ ಮಾಯವಾದ. ಹೆಣ್ಣುಮಕ್ಕಳು ಮಾತು ಬಾರದಾಗ ಕೆಲಸ ಹಿಡಿಯುತ್ತೇವೆ. ನಾನೂ ಸೀರೆ ಎತ್ತಿ ಕಟ್ಟಿ ತಗಡು ತಿಕ್ಕಲು ಕೂತೆ.

ಅತ್ತೆ ಸೊಸೆಗೆ ಬಿಚ್ಚು ಎಂದಳು. ಅವಳು ಕೊರಳಿನ ದಾರದಿಂದ ತಗಡನ್ನು ಬಿಚ್ಚಿ ನನ್ನ ಕೈಗೆ ಹಾಕಿದಳು. ಮೈಯ ಬಿಸಿಗೆ ಅದು ಬೆಚ್ಚಗಿತ್ತು. ಅವಳ ಕೊರಳಿಗೆ ಹೋದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಪಂಚಮಿಯಲ್ಲಿ ಗೋಡೆ ನೋಡಿದ್ದೆನಲ್ಲ. ಬೂದಿ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದೆ. ಮೂಗಿನ ಬಲಕ್ಕೆ ಏನೂ ಇರಲಿಲ್ಲ.

ಇನ್ನೊಮ್ಮೆ ತಿಕ್ಕಿದೆ. ಎಡಕ್ಕೂ ಇಲ್ಲ. ಬಾಯಿಯ ಗೆರೆ ಸವೆದು ಹೋಗಿತ್ತು, ಅಂಚು ತೆಳ್ಳಗಾಗಿ ಒಂದು ಕಡೆ ಸೀಳಿತ್ತು. ಮೂರು ವರ್ಷದ ಬೆಳ್ಳಿ ಹೀಗೆ ಸವೆಯುವುದಿಲ್ಲ. ಪರಾತದೊಳಗೆ ಕೈಯಾಡಿಸಿ ಒಂದೊಂದೇ ತಗಡು ಎತ್ತಿ ಬಿಸಿಲಿಗೆ ಹಿಡಿದೆ. ನಾಲ್ಕನೆಯದರಲ್ಲಿ ಬೊಟ್ಟು ಸಿಕ್ಕಿತು, ಬಲಗಡೆ, ಅಕ್ಕಸಾಲಿಗನ ಒಂದೇ ಏಟು. ಸಣ್ಣಾಕಿ ಇಷ್ಟು ವರ್ಷ ಅಕ್ಕಿಯಲ್ಲಿ ಹೂತುಕೊಂಡು ಮುದುಕ ಮುದುಕಿಯರ ನಡುವೆ ಜಗಲಿಯ ಮೇಲೇ ಇದ್ದಳು. ಅವಳನ್ನು ಒಂದು ದಿನವೂ ಯಾರೂ ಕೊರಳಿಗೆ ಕಟ್ಟಿರಲಿಲ್ಲ.

ಎರಡನ್ನೂ ಅತ್ತೆಯ ಅಂಗೈಯ ಮೇಲಿಟ್ಟು ಹೇಳಿದೆ. ಅವಳು ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದ ನೋಡಿದಳು. ಸವೆದದ್ದರ ಸೀಳನ್ನು ಮುಟ್ಟಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅದು ತನ್ನ ಅತ್ತೆಯ ಕೊರಳಲ್ಲಿ ಇದ್ದದ್ದು ಎಂದಳು. ಅಂದರೆ ಅವಳ ಮಾವನ ಮೊದಲ ಹೆಂಡತಿ. ಮದುವೆಯ ದಿನ ಹೀಗೇ ಎಲ್ಲವನ್ನೂ ತೊಳೆದಿದ್ದರು. ಬೂದಿ ಹಚ್ಚಿದರೆ ಹಳೆಯದೂ ಹೊಸದೂ ಒಂದೇ ಹೊಳಪು. ಪೊರೆ ಬಂದ ಕಣ್ಣಿಗೆ ಕೈಗೆ ಬಂದದ್ದೇ ಹಿರೇಕಿಯಾಗಿತ್ತು.

ಆ ಹಳೆಯವಳ ಹೆಸರೇನು ಎಂದು ಕೇಳಿದೆ. ಅತ್ತೆಗೆ ಗೊತ್ತಿರಲಿಲ್ಲ. ನಾಲ್ಕು ಮಕ್ಕಳ ತಾಯಿ, ಐದನೆಯ ಬಾಣಂತನದಲ್ಲಿ ಹೋದಳೆಂದು ಕೇಳಿದ್ದಳು, ಅಷ್ಟೆ. ಮೂರು ವರ್ಷ ಈ ಹುಡುಗಿ ‘ಊಟಾ ಮಾಡ್ರಿ ಅಕ್ಕಾ’ ಎಂದು ಉಣಿಸಿದ್ದು ಹೆಸರೂ ಉಳಿಯದ ಒಬ್ಬ ಅಜ್ಜಿಗೆ. ನಮ್ಮವ್ವ ಶೇಂಗಾ ಉಂಡಿ ತೋರಿಸು ಎಂದದ್ದೂ ಅವಳಿಗೇ.

ಆದರೆ ಆ ಹೊತ್ತಿಗೆ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ಕೊರಳಲ್ಲಿ ನನ್ನ ತಂಗಿ ಇರಲೇ ಇಲ್ಲ, ಇದ್ದವಳು ಮಕ್ಕಳೊಂದಿಗಳು. ಮುದುಕನ ಹೇಳಿಕೆ ಅಲ್ಲಿಗೆ ಬಿದ್ದಿತಲ್ಲ. ನಾನು ಅದನ್ನೇ ಹೇಳಿದೆ. ಅತ್ತೆ ಬಹಳ ಹೊತ್ತು ಎರಡು ತಗಡುಗಳನ್ನೂ ಒತ್ತಿ ಒತ್ತಿ ನೋಡಿದಳು. ಆಮೇಲೆ ಅವಳು ಆಡಿದ ಮಾತು ಕೇಳಿ, ಬಿಸಿಲಲ್ಲಿ ಕೂತವಳಿಗೆ ಚಳಿ ಹತ್ತಿದಂತಾಯಿತು.

“ಅದಕ್ಕ ನೋಡವಾ ಕಾಡಾಕತ್ತಾಳ. ಮೂರು ವರ್ಷಾತು, ಒಂದು ತುತ್ತು ಕೊಟ್ಟಿಲ್ಲ, ಒಂದು ಸೀರಿ ತೋರ್ಸಿಲ್ಲ. ಅಕಿ ಪಾಲಿಂದು ಇನ್ನೊಬ್ಬಾಕಿ ಉಂಡಾಳ. ಸಿಟ್ಟು ಬರೂದಿಲ್ಲೇನು ಅಕಿಗಿ?”

ನಾನೇ ಬೊಟ್ಟು ಹುಡುಕಿ ತೋರಿಸಿದ್ದೆ. ತಂಗಿಯನ್ನು ಬಿಡಿಸಲು ಹೋಗಿ ಅವಳ ಮೇಲೆ ಸಾಕ್ಷಿ ಕೊಟ್ಟು ಕೂತಿದ್ದೆ. ಕೊರಳಲ್ಲಿದ್ದರೆ ಹೊಟ್ಟೆಕಿಚ್ಚಿನವಳು, ಇರದಿದ್ದರೆ ಸಿಟ್ಟಿನವಳು. ಅವಳು ಒಳ್ಳೆಯವಳಾಗಿ ಉಳಿಯಲು ಒಂದು ದಾರಿಯೂ ಇರಲಿಲ್ಲ.

ಆಗ ಗೋಡೆಗೆ ಒರಗಿದ್ದವಳು ಬಾಯಿ ಬಿಟ್ಟಳು. ಅಷ್ಟು ಹೊತ್ತು ಅವಳು ನಮ್ಮ ಜೊತೆ ಇದ್ದಾಳೆಂಬುದೇ ನನಗೆ ಮರೆತಿತ್ತು.

“ನನಗ ಗೊತ್ತಿತ್ರಿ,” ಎಂದಳು.

ಅತ್ತೆ ತಲೆ ಎತ್ತಿದಳು.

“ಲಗ್ನದ ದಿನಾನ ಗೊತ್ತಿತ್ತು. ಹೊಸಾದು ಅಕ್ಕ್ಯಾಗ ಇತ್ತು, ನೀವು ಹಳೇದು ತಗೊಂಡ್ರಿ. ನಾ ಸುಮ್ಮನಿದ್ದೆ.” ಅವಳು ನನ್ನ ಕಡೆ ತಿರುಗಿದಳು. “ನಿಮ್ಮ ತಂಗೀದು ಸೀರಿ ಇನ್ನಾ ಟ್ರಂಕಿನಾಗ ಅದಾವ ಅಕ್ಕಾ. ಅಕಿ ಹಣಿಗಿ, ಅಕಿ ಬಳಿ, ಎಲ್ಲಾ ನಾನಽ ತಗದು ಇಟ್ಟೇನಿ. ಅವ್ರ ಮೊಬೈಲಿನಾಗ ಅಕಿ ನಗೂದು ಐತಿ. ಅಷ್ಟು ಗೊತ್ತಿದ್ದಾಕೀನ ಕೊಳ್ಳಾಗ ಕಟ್ಕೊಂಡು ಅವ್ರ ಹತ್ರ ಹೆಂಗ ಹೋಗ್ಲಿ ನಾ? ಈ ಮುದುಕಿ ಯಾರಂತ ಯಾರಿಗೂ ಗೊತ್ತಿದ್ದಿಲ್ಲ. ನನಗ ಇಕಿ ಸಸಾರ ಅನಿಸಿದ್ಲು.”

ಹಿತ್ತಲಿನಲ್ಲಿ ಕೋಳಿಯೊಂದು ಬೂದಿ ಕೆದರುತ್ತಿತ್ತು. ಅದನ್ನು ಓಡಿಸಲು ಕೂಡ ಯಾರೂ ಕೈ ಎತ್ತಲಿಲ್ಲ. ಅವಳು ಅಳುತ್ತಿರಲಿಲ್ಲ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಮೊದಲನೆಯದು ಹೋದಾಗಲೇ ತನ್ನ ಸುಳ್ಳಿಗೇ ಹೋಯಿತು ಎಂದುಕೊಂಡಿದ್ದಳಂತೆ. ಎರಡನೆಯದು ಹೋದಾಗ ಖಾತ್ರಿಯಾಯಿತಂತೆ. ಹೇಳಲು ಬಾಯಿ ಬಾರದೆ, ನದಿಗೆ ಬಿಡೋಣ ಎಂದಾಗ ತಾನೂ ಹೂಂ ಅಂದಳಂತೆ, ಯಾವುದನ್ನು ಬಿಟ್ಟರೂ ಮುಗಿಯಲಿ ಎಂದು.

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ನನ್ನ ತಂಗಿಯ ತುತ್ತು ಬೇಕೆಂತಲೇ ತಪ್ಪಿಸಿದವಳು ಎಂದು ಒಂದು ಗಳಿಗೆ ಮೈ ಉರಿಯಿತು. ಆದರೆ ಅವಳ ಮುಂಗೈ ಎಷ್ಟು ಸಣ್ಣಗಿತ್ತೆಂದರೆ ಬಳೆ ಮೊಣಕೈಯವರೆಗೆ ಜಾರಿದ್ದವು. ಮೂರು ವರ್ಷ ಈ ಮನೆಯೊಳಗೆ ಇದನ್ನು ಒಬ್ಬಳೇ ಇಟ್ಟುಕೊಂಡು ಕೂತಿದ್ದಳು.

ನಾನು ಅತ್ತೆಗೆ ಹೇಳಿದೆ: ಬೆಳ್ಳಿ ತವರಿನದು, ನಾನು ತವರಿನವಳು. ನದಿಗೂ ಬೇಡ, ಕೊರಳಿಗೂ ಬೇಡ. ನನ್ನ ತಂಗಿಯನ್ನು ನಾನು ಕರೆದುಕೊಂಡು ಹೋಗುತ್ತೇನೆ. ಈ ಹುಡುಗಿಯನ್ನೂ ಕಳಿಸಿರಿ, ಹೆರಿಗೆಯವರೆಗೆ ನಮ್ಮವ್ವ ನೋಡಿಕೊಳ್ಳುತ್ತಾಳೆ. ಅವಳಿಗೂ ಅದು ತವರೇ ಎಂಬುದು ನಮ್ಮ ಕಡೆಯ ಮಾತಲ್ಲವೇ.

ಅತ್ತೆ ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೂದಿಯ ಕೈ ಒರೆಸಿಕೊಂಡು, “ಒಯ್ಯವಾ. ಹೊಳಿಯಾದ್ರೇನು, ತವರಾದ್ರೇನು. ಮನಿ ಬಿಟ್ಟ್ರ ಸಾಕು,” ಎಂದಳು.

ಸಣ್ಣಾಕಿ ಆ ಅತ್ತೆಯ ಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದಳು. ನಾನು ತಗಡನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಹಳೆಯ ತಗಡನ್ನು ಏನು ಮಾಡುವುದು ಎಂದು ನಾನು ಕೇಳುವ ಮೊದಲೇ ಹುಡುಗಿ ಅದನ್ನು ಎತ್ತಿ ಮತ್ತೆ ದಾರಕ್ಕೆ ಪೋಣಿಸುತ್ತಿದ್ದಳು. ರೂಢಿಯಾಗೇತ್ರಿ ಎಂದಳು.

ಮುದ್ದೇಬಿಹಾಳಕ್ಕೆ ಮುಟ್ಟಿದಾಗ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಎಲ್ಲಿ ಬೆಚ್ಚುತ್ತಾಳೋ, ಎಲ್ಲಿ ಬಯ್ಯುತ್ತಾಳೋ ಎಂದು ನಾನು ತಡೆತಡೆದು ಹೇಳುತ್ತಿದ್ದರೆ, ಅವಳು ಕೊನೆಗೆ ಕೇಳಿದ್ದು, ಗುಳಿಗೆ ಚೀಟಿ ತಂದಾಳೇನು ಎಂದು. ಹುಡುಗಿ ಚೀಲದಿಂದ ಚೀಟಿ ತೆಗೆದು ಕೊಟ್ಟಳು. ತಗಡನ್ನು ಮಾತ್ರ ಎಲ್ಲಿಡುವುದೆಂದು ಅವ್ವನಿಗೂ ತಿಳಿಯಲಿಲ್ಲ. ಕೊಟ್ಟ ಮಗಳು ತವರಿನ ಜಗಲಿ ಏರುವಂತಿಲ್ಲ; ಅವಳು ಗಂಡನ ಮನೆಯ ಹಿರಿಯರ ಸಾಲಿನವಳು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ತಿರುಗಾಡಿ, ಅಡುಗೆಮನೆಯ ಗೋಡೆಯ ಮಾಡದಲ್ಲಿ, ಅಂದರೆ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಅವಳನ್ನು ಒರಗಿಸಿ ನಿಲ್ಲಿಸಿದಳು. ಸಣ್ಣವಳಿದ್ದಾಗ ಅಲ್ಲಿ ಕೈ ಹಾಕಿ ಬೆಲ್ಲ ಕದಿಯುತ್ತಿದ್ದಳು ಎಂದಷ್ಟೇ ಅಂದಳು.

ಎರಡು ತಿಂಗಳು ಚಲೋ ಹೋಯಿತು. ನಾನು ಹದಿನೈದು ದಿನಕ್ಕೊಮ್ಮೆ ಇಂಡಿಯಿಂದ ನಿಂಬೆಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದೆ. ಹುಡುಗಿಯ ಮುಖಕ್ಕೆ ರಕ್ತ ಬಂದಿತ್ತು. ಅವ್ವ ಮತ್ತು ಅವಳು ಸಂಜೆ ಟಿವಿಯ ಮುಂದೆ ಕೂತು ಸೊಪ್ಪು ಸೋಸುತ್ತ ಧಾರಾವಾಹಿಯ ಅತ್ತೆಯರನ್ನು ಬಯ್ಯುತ್ತಿದ್ದರು. ತಗಡಿನ ಸುದ್ದಿ ಯಾರೂ ತೆಗೆಯುತ್ತಿರಲಿಲ್ಲ. ಅವ್ವ ಒಲೆ ಹೊತ್ತಿಸುವಾಗ ಒಮ್ಮೆ ಮಾಡದ ಕಡೆ ನೋಡುತ್ತಿದ್ದಳು, ಅಷ್ಟೆ.

ಆರು ತಿಂಗಳು ತುಂಬಿದ ವಾರ ನಾನು ಅಲ್ಲೇ ಇದ್ದೆ. ಮಧ್ಯಾಹ್ನ ಊಟ ಆಗಿತ್ತು. ಬಚ್ಚಲಿಗೆ ಹೋದವಳು ನಿಂತಲ್ಲಿಂದ ಅವ್ವಾ ಎಂದು ಒಂದೇ ಸಲ ಕರೆದಳು. ನಾನು ಓಡಿದೆ. ಸೀರೆಯ ಒಳಗಡೆ ರಕ್ತ, ಕಲ್ಲಿನ ಮೇಲೂ ಎರಡು ಹನಿ ಬಿದ್ದಿದ್ದವು. ತಮ್ಮ ಟಂಟಂ ರಿಕ್ಷಾ ತಂದ. ಅವಳನ್ನು ಎತ್ತಿ ಕೂಡಿಸಿ ತಮ್ಮನೂ ಅವನ ಹೆಂಡತಿಯೂ ದವಾಖಾನೆಗೆ ಹೋದರು. ಟಂಟಂ ಹೋದ ಮೇಲೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ನೀರು ಕುಡಿಯಲೆಂದು ಒಳಗೆ ಹೋದೆ.

ನೀರು ಕುಡಿದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಇಷ್ಟು: ನನ್ನ ಕೈ ಮಾಡದಲ್ಲಿತ್ತು. ತಗಡನ್ನು ಎರಡೂ ಅಂಗೈಯ ನಡುವೆ ಹಿಡಿದು ಹಣೆಗೆ ಒತ್ತಿಕೊಂಡು ನಾನು ಮಾತಾಡುತ್ತಿದ್ದೆ.

“ಬಿಡವಾ ಅಕೀನ. ನಿನ್ನ ಕಾಲಿಗೆ ಬೀಳ್ತೇನಿ. ಕೂಸಿಗಿ ಏನೂ ಮಾಡಬ್ಯಾಡ. ನಿನಗೇನ್ ಬೇಕು ನಾ ಕೊಡ್ತೇನಿ, ಇದೊಂದು ಬಿಡು.”

ಎಷ್ಟು ಸಲ ಅಂದೆನೋ. ಹಿಂದೆ ಸಪ್ಪಳವಾಯಿತು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ನಾನು ಕಂಡದ್ದನ್ನು ಕಾಲಚೈನು ಕರಗಿಸಿದ ದಿನವೂ ಕಂಡಿರಲಿಲ್ಲ, ಸಣ್ಣಾಕಿಯ ಹೆಣ ಎತ್ತಿದ ದಿನವೂ ಕಂಡಿರಲಿಲ್ಲ.

“ನೀನೂ ಅಂದ್ಯಾ?” ಎಂದಳು.

ಹೆದರಿಕೆಗೆ ಬಂದ ಮಾತು, ಮನಸ್ಸಿನದಲ್ಲ ಎನ್ನಬೇಕೆಂದಿದ್ದೆ. ಆದರೆ ಅದು ಮನಸ್ಸಿನದೇ ಆಗಿತ್ತು. ಸಿಂದಗಿಯ ಹಿತ್ತಲಲ್ಲಿ ಅತ್ತೆಯ ಮಾತಿಗೆ ಚಳಿ ಹತ್ತಿದಾಗಲೇ ಅದು ನನ್ನೊಳಗೆ ಹೊಕ್ಕು ಕೂತಿತ್ತೇನೋ. ಅಥವಾ ಅದಕ್ಕೂ ಮೊದಲು, ಓಣಿಯ ನಲ್ಲಿಯ ಹತ್ತಿರ ಆ ತಗಡುಗಳನ್ನು ನೋಡುತ್ತ ಬಾಳಿದ್ದೇ ನಂಬಿಕೆಯಾಗಿತ್ತೇನೋ. ಅವಳು ಕಾಡುವವಳಲ್ಲ ಎಂದು ನಾನು ಮಂದಿಯ ಮುಂದೆ ವಾದ ಮಾಡಿದ್ದೆ. ಒಬ್ಬಳೇ ಇದ್ದಾಗ ಅವಳಿಗೆ ಕೈ ಮುಗಿದು ಕಾಡಬೇಡ ಎಂದೆ.

ಅವ್ವ ಬಂದು ನನ್ನ ಕೈಯಿಂದ ತಗಡನ್ನು ಬಿಡಿಸಿಕೊಂಡಳು. ಬೆರಳೊಂದೊಂದನ್ನೇ ಬಿಡಿಸಬೇಕಾಯಿತು, ಅಷ್ಟು ಬಿಗಿಯಾಗಿ ಹಿಡಿದಿದ್ದೆ.

“ಇನ್ನ ಮ್ಯಾಲ ನೀ ಅಕೀನ ಮುಟ್ಟಬ್ಯಾಡ,” ಎಂದಳು.

ಅರ್ಧ ತಾಸಿಗೆ ತಮ್ಮನ ಫೋನು ಬಂತು. ಕೂಸಿನ ಎದೆಬಡಿತ ಚಲೋ ಇದೆ, ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ, ಎರಡು ದಿನ ಇಟ್ಟುಕೊಳ್ಳುತ್ತಾರೆ ಎಂದ. ನಾನು ಅಳುತ್ತ ಅವ್ವನಿಗೆ ಹೇಳಿದೆ. ಅವ್ವ ಹೂಂ ಎಂದು, ದವಾಖಾನೆಗೆ ಒಯ್ಯಲು ಗಂಜಿಗೆ ಅಕ್ಕಿ ತೊಳೆಯಲು ಕೂತಳು. ತಗಡು ಅವಳ ಕುಪ್ಪಸದೊಳಗಿತ್ತು.

ಈಗ ಹುಡುಗಿಗೆ ಎಂಟು ತಿಂಗಳು ತುಂಬುತ್ತಿದೆ. ನಾನು ಇಂಡಿಯಿಂದ ದಿನಾ ಫೋನು ಮಾಡುತ್ತೇನೆ. ಅವ್ವ ಎಲ್ಲ ಹೇಳುತ್ತಾಳೆ: ಎಷ್ಟು ರೊಟ್ಟಿ ತಿಂದಳು, ಕಾಲು ಬಾತಿವೆಯೇ, ಕೂಸು ಎಷ್ಟು ಸಲ ಒದ್ದಿತು. ಹೋದ ಸಲ ಹೋದಾಗ ಮಾಡದಲ್ಲಿ ಉಪ್ಪಿನ ಡಬ್ಬಿ ಒಂದೇ ಇತ್ತು. ಎಲ್ಲಿಟ್ಟಿದ್ದೀ ಎಂದು ನಾನು ಕೇಳಲಿಲ್ಲ. ಸಾರಿಗೆ ಉಪ್ಪು ಬೇಕಾದಾಗಲೂ ಅವ್ವ ನನ್ನನ್ನು ಆ ಕಡೆ ಕಳಿಸಲಿಲ್ಲ, ತಾನೇ ಎದ್ದು ಹೋಗಿ ತಂದಳು.